ಕಂದು ಕೊಬ್ಬೂ ಅದರ ಕಾವಲು ಕೋಶಗಳೂ

ಕುದಿಯುವ ನೀರನ್ನು ಚೊಂಬಿನಲ್ಲಿ ತುಂಬಿ ಹೊರಗಿಟ್ಟರೆ ಅದು ಕ್ರಮೇಣ ಆರುತ್ತ ಹೋಗಿ, ಕೊನೆಗೆ ಸುತ್ತಣ ಗಾಳಿಯ ಉಷ್ಣತೆಗೇ ಬಂದು ನಿಲ್ಲುತ್ತದೆ. ಯಾವ ಬಿಸಿ ವಸ್ತುವಿಗೂ ಇದೇ ಗತಿ. ಆದರೆ ಮನುಷ್ಯನ ದೇಹ ಹೀಗೆ ಆರಿಹೋಗುವುದಿಲ್ಲ. ಹೊರಗಿನ ಗಾಳಿ ೧೫ ಡಿಗ್ರಿಯಿರಲಿ, ೩೦ ಡಿಗ್ರಿಯಿರಲಿ, ದೇಹದ ಒಳಭಾಗ ೩೭ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಇರುತ್ತದೆ. ಹೊರಕ್ಕೆ ಹರಿದುಹೋಗುವ ಉಷ್ಣಕ್ಕೆ ಸರಿಸಮನಾದ ಉಷ್ಣವು ಒಳಗೆ ಸದಾ ಹುಟ್ಟುತ್ತಿರಬೇಕೆಂಬುದು ಇದರಿಂದಲೇ ಸ್ಪಷ್ಟ. ಸುಮ್ಮನೆ ಕುಳಿತಿರುವ ವಯಸ್ಕನೊಬ್ಬನ ದೇಹದಲ್ಲಿ ಸೆಕೆಂಡಿಗೆ ಸುಮಾರು ೮೦ರಿಂದ ೧೦೦ ಜೂಲ್‌ಗಳಷ್ಟು ಉಷ್ಣ ಉತ್ಪನ್ನವಾಗುತ್ತದೆ. ಎಂದರೆ ತಂತಿ ಕಾದು ಬೆಳಗುತ್ತಿದ್ದ ಹಳೆಯ ತರಹದ ವಿದ್ಯುದ್ದೀಪವೊಂದು ಹೊರಗೆಡಹುತ್ತಿದ್ದಷ್ಟು.

ಚಳಿ ಹೆಚ್ಚಿದಾಗ ಈ ಉತ್ಪಾದನೆಯನ್ನು ಹೆಚ್ಚಿಸಲೇಬೇಕು. ನಡುಕವೆಂಬುದು ಇದಕ್ಕೆ ನಾವೆಲ್ಲ ಬಲ್ಲ ಉಪಾಯ. ಸ್ನಾಯುಗಳು ಯಾವ ಕೆಲಸವನ್ನೂ ಸಾಧಿಸದೆ ಸುಮ್ಮನೆ ಬಿಗಿದು ಸಡಿಲಿಸುತ್ತವೆ. ಅವು ಬಳಸಿದ ಶಕ್ತಿಯೆಲ್ಲ ಉಷ್ಣವಾಗಿ ಪರಿಣಮಿಸುತ್ತದೆ. ಆದರೆ ಆಗತಾನೆ ಹುಟ್ಟಿದ ಶಿಶುವನ್ನು ಗಮನಿಸಿರಿ. ಅದಕ್ಕೆ ನಡುಗುವ ಶಕ್ತಿ ಇನ್ನೂ ಬೆಳೆದಿಲ್ಲವೆಂದೇ ಹೇಳಬಹುದು. ಹೀಗಿದ್ದೂ ಚಳಿಯ ಬಾಧೆ ಅದಕ್ಕೆ ನಮಗಿಂತ ಹೆಚ್ಚು. ಏಕೆಂದರೆ ಉಷ್ಣ ಹೊರಹೋಗುವುದು ಮೈಯ ಮೇಲ್ಮೈಯಿಂದ; ಹುಟ್ಟುವುದು ಮೈಯ ಒಳಗಿನ ದ್ರವ್ಯರಾಶಿಯಲ್ಲಿ. ಆಕಾರ ಒಂದೇ ಇದ್ದು ಗಾತ್ರ ಕಿರಿದಾದಂತೆಲ್ಲ ಒಂದು ಕಿಲೊಗ್ರಾಂ ರಾಶಿಯ ಪಾಲಿಗೆ ಬರುವ ಮೇಲ್ಮೈ ಹೆಚ್ಚುತ್ತ ಹೋಗುತ್ತದೆ. ರಾಶಿಗಳ ಪ್ರಮಾಣದ ಘನಮೂಲವನ್ನು ತೆಗೆದರೆ ಈ ಹೆಚ್ಚಳ ಸಿಗುತ್ತದೆ. ೬೦ ಕಿಲೊಗ್ರಾಂ ತೂಕದ ತಾಯಿಗೂ ೩ ಕಿಲೊಗ್ರಾಂ ತೂಕದ ಮಗುವಿಗೂ ಇರುವ ಪ್ರಮಾಣ ೨೦. ಅದರ ಘನಮೂಲ ಸುಮಾರು ೨.೭. ಎಂದರೆ ಮಗು ತನ್ನ ತೂಕಕ್ಕೆ ಹೋಲಿಸಿದರೆ ತಾಯಿಗಿಂತ ೨.೭ ಪಟ್ಟು ಹೆಚ್ಚು ಮೇಲ್ಮೈಯನ್ನು ಗಾಳಿಗೆ ಒಡ್ಡಿದೆ. ೨೫ ಗ್ರಾಂ ತೂಗುವ ಚಿಟ್ಟಿಲಿಯ ಸ್ಥಿತಿಯಂತೂ ಇನ್ನೂ ಕಷ್ಟ. ಅದರ ಲೆಕ್ಕ ೧೩ ಪಟ್ಟನ್ನೂ ಮೀರುತ್ತದೆ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ನಡುಗಲಾರದ ಶಿಶು ಬಿಸಿಯಾಗಿರುವುದು ಹೇಗೆ? ಅದರ ಬೆನ್ನಿನಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಮತ್ತು ಮೂತ್ರಪಿಂಡಗಳ ಸುತ್ತ, ಒಂದು ಬಗೆಯ ವಿಶಿಷ್ಟ ಕೊಬ್ಬು ಇರುತ್ತದೆ. ಸಾಮಾನ್ಯ ಕೊಬ್ಬು ಬೆಳ್ಳಗೆ ಅಥವಾ ತುಸು ಹಳದಿಯಾಗಿದ್ದರೆ ಇದು ಕಂದು. ಇದನ್ನು ಮೊಟ್ಟಮೊದಲು ವರ್ಣಿಸಿದವನು ಸ್ವಿಟ್ಸರ್ಲೆಂಡಿನ ಪ್ರಕೃತಿಶಾಸ್ತ್ರಜ್ಞ ಕೊನ್ರಾಡ್ ಗೆಸ್ನರ್. ಆಲ್ಪ್ಸ್ ಪರ್ವತಗಳಲ್ಲಿ ವಾಸಿಸುವ, ಅಳಿಲಿನ ಬಂಧುವಾದ ಮಾರ್ಮಟ್ ಎಂಬ ಪ್ರಾಣಿಯ ಬೆನ್ನಿನಲ್ಲಿ ಇದನ್ನು ಕಂಡು, ಇದು ಕೊಬ್ಬೂ ಅಲ್ಲ, ಮಾಂಸವೂ ಅಲ್ಲ, ಎರಡರ ನಡುವಣ ವಸ್ತುವೆಂದು ೧೫೫೧ರಲ್ಲಿ ಬರೆದನು. ಮಾರ್ಮಟ್ ಚಳಿಗಾಲವನ್ನೆಲ್ಲ ನಿದ್ರೆಯಲ್ಲಿ ಕಳೆಯುವ ಪ್ರಾಣಿಯಾದುದರಿಂದ ಬಹುಕಾಲ ಇದನ್ನು ಶೀತನಿದ್ರೆಯ ಗ್ರಂಥಿಯೆಂದೇ ಕರೆಯುತ್ತಿದ್ದರು. ಗ್ರಂಥಿಯಾದರೆ ಏನನ್ನಾದರೂ ಸ್ರವಿಸಬೇಕಷ್ಟೆ? ಏನನ್ನು ಸ್ರವಿಸುತ್ತದೆಂದು ಹುಡುಕಿದವರಿಗೆ ಏನೂ ದೊರೆಯಲಿಲ್ಲ. ಗೆಸ್ನರನ ಕಾಲದಿಂದ ನಾಲ್ಕು ನೂರು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ, ೧೯೬೧ರಲ್ಲಿ, ರಾಬರ್ಟ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಈ ಅಂಗದ ಉತ್ಪನ್ನ ಬೇರೇನೂ ಅಲ್ಲ, ಉಷ್ಣವೇ ಎಂದು ತೋರಿಸಿಕೊಟ್ಟನು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಕೊಬ್ಬುಗಳ ಭೇದ ಕೂಡಲೇ ಗೋಚರವಾಗುತ್ತದೆ. ಬಿಳಿ ಕೊಬ್ಬಿನ ಜೀವಕೋಶ ಒಂದು ಉಗ್ರಾಣ. ಒಂದೇ ಒಂದು ದೊಡ್ಡ ಜಿಡ್ಡಿನ ಹನಿ ಅದನ್ನೆಲ್ಲ ತುಂಬಿಕೊಂಡಿರುತ್ತದೆ. ಉಳಿದ ಭಾಗಗಳು ಅಂಚಿಗೆ ಒತ್ತರಿಸಲ್ಪಟ್ಟಿರುತ್ತವೆ. ಕಂದು ಕೊಬ್ಬಿನ ಕೋಶವಾದರೋ ಒಂದು ಒಲೆ. ಅದರಲ್ಲಿ ಜಿಡ್ಡು ಸಣ್ಣಸಣ್ಣ ಹನಿಗಳಾಗಿ ಒಡೆದಿರುತ್ತದೆ, ಒಡೆದ ಸೌದೆ ಬೇಗ ಹೊತ್ತಿಕೊಳ್ಳುವಂತೆ. ಹನಿಗಳ ನಡುವೆ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಘಟಕಗಳು ಕಿಕ್ಕಿರಿದಿರುತ್ತವೆ. ಆಮ್ಲಜನಕವನ್ನು ಬಳಸಿ ಆಹಾರವನ್ನು ದಹಿಸುವ ಕೆಲಸ ನಡೆಯುವುದು ಇವುಗಳಲ್ಲೇ. ಇವುಗಳಲ್ಲಿರುವ ಕಬ್ಬಿಣಯುಕ್ತ ವರ್ಣದ್ರವ್ಯಗಳೂ ಸುತ್ತ ಹೆಣೆದುಕೊಂಡಿರುವ ರಕ್ತನಾಳಗಳೂ ಸೇರಿ ಆ ಕಂದು ಬಣ್ಣವನ್ನು ಕೊಡುತ್ತವೆ.

ಈ ಒಲೆಯ ಪ್ರಖರತೆ ಎಷ್ಟು? ಚಳಿಗೆ ಒಗ್ಗಿದ ಇಲಿಗಳಲ್ಲಿ ಒಂದು ಕಿಲೊಗ್ರಾಂ ಕಂದು ಕೊಬ್ಬಿಗೆ ಸುಮಾರು ೩೦೦ ವಾಟ್‌ವರೆಗೂ ಹೋಗಬಹುದೆಂದು ಅಂದಾಜು ಮಾಡಿದ್ದಾರೆ. ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹಕ್ಕೆ ಸರಾಸರಿ ಲೆಕ್ಕ ಹಾಕಿದರೆ ಕಿಲೊಗ್ರಾಂಗೆ ಒಂದೂವರೆ ವಾಟ್ ಸಹ ಬರುವುದಿಲ್ಲ. ಪ್ರಸಂಗವಶಾತ್ ಒಂದು ಮಾತು: ಸೂರ್ಯನ ಒಟ್ಟು ಉತ್ಪಾದನೆಯನ್ನು ಅವನ ಒಟ್ಟು ರಾಶಿಯಿಂದ ಭಾಗಿಸಿದರೆ ದೊರೆಯುವುದು ಕಿಲೊಗ್ರಾಂಗೆ ಒಂದು ವಾಟ್‌ನ ಹತ್ತುಸಾವಿರದಲ್ಲಿ ಎರಡು ಭಾಗ ಮಾತ್ರ. ತೂಕಕ್ಕೆ ತೂಕ ಹೋಲಿಸಿದರೆ ಇಲಿಯ ಬೆನ್ನಿನ ಕೊಬ್ಬು ಸೂರ್ಯನಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಚುರುಕಾಗಿ ಉಷ್ಣವನ್ನು ಹುಟ್ಟಿಸುತ್ತದೆ! ಸೂರ್ಯನ ಪ್ರತಾಪವೆಲ್ಲ ಅವನ ಗಾತ್ರದಿಂದ ಬಂದುದು.

ಈಗ ಒಲೆಯ ಯಂತ್ರರಚನೆಯನ್ನು ನೋಡೋಣ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ರುಚಿಸುವ ಭಾಗ. ಮೈಟೊಕಾಂಡ್ರಿಯದ ಸುತ್ತ ಎರಡು ಪೊರೆಗಳಿವೆ. ಆಹಾರದ ದಹನದಿಂದ ಬಂದ ಶಕ್ತಿಯು ಮೊದಲು ಒಳಪೊರೆಯ ಮೂಲಕ ಪ್ರೋಟಾನುಗಳನ್ನು ಒಳಗಿನಿಂದ ಹೊರಕ್ಕೆ ಪಂಪು ಮಾಡುವುದರಲ್ಲಿ ವಿನಿಯೋಗವಾಗುತ್ತದೆಂದು ಇಂಗ್ಲೆಂಡಿನ ಪೀಟರ್ ಮಿಚೆಲ್ ೧೯೬೧ರಲ್ಲಿ ಸೂಚಿಸಿದನು. ಆಗ ಅನೇಕರು ಈ ಮಾತನ್ನು ನಂಬಲಿಲ್ಲ. ೧೯೭೮ರಲ್ಲಿ ಇದೇ ಕಾರ್ಯಕ್ಕಾಗಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹೀಗೆ ಪೊರೆಯ ಎರಡು ಬದಿಗಳ ನಡುವೆ ೦.೧೫ ವೋಲ್ಟ್‌ನಷ್ಟು ವಿಭವಾಂತರ ಏರ್ಪಡುತ್ತದೆ. ಇದೇನು ಮಹಾ, ಕೈದೀಪದ ಬ್ಯಾಟರಿಯ ಹತ್ತನೆಯ ಒಂದು ಭಾಗವಷ್ಟೆ ಎನ್ನಬಹುದು. ಆದರೆ ಪೊರೆಯ ದಪ್ಪ ಒಂದು ಮೀಟರಿನ ನೂರು ಕೋಟಿಯಲ್ಲಿ ಐದಾರು ಭಾಗ ಮಾತ್ರ. ಭಾಗಿಸಿ ನೋಡಿದರೆ ವಿದ್ಯುತ್ ಕ್ಷೇತ್ರದ ತೀವ್ರತೆ ಮೀಟರಿಗೆ ಎರಡೂವರೆ ಮೂರು ಕೋಟಿ ವೋಲ್ಟ್ ಆಗುತ್ತದೆ. ಗಾಳಿಯಲ್ಲಿ ಕಿಡಿ ಹಾರಿಸಲು ಮೀಟರಿಗೆ ಮೂವತ್ತು ಲಕ್ಷ ವೋಲ್ಟ್ ಸಾಕು!

ಪಂಪು ಮಾಡಿದ ಪ್ರೋಟಾನುಗಳು ಅಣೆಕಟ್ಟೆಯ ಹಿಂದೆ ನಿಂತ ನೀರಿನಂತೆ. ಸಾಮಾನ್ಯ ಕೋಶಗಳಲ್ಲಿ ಅವು ಒಳಕ್ಕೆ ಮರಳುವಾಗ ಪೊರೆಯಲ್ಲಿರುವ ಒಂದು ಚಕ್ರವನ್ನು ತಿರುಗಿಸಿಯೇ ಮರಳಬೇಕು. ಇದು ಉಪಮೆಯಲ್ಲ; ಆ ಕಿಣ್ವದ ಒಂದು ಭಾಗ ನಿಜವಾಗಿಯೂ ತಿರುಗುತ್ತದೆ. ಈ ತಿರುಗಾಟದಿಂದ ಎಟಿಪಿ ಎಂಬ ಸಂಯುಕ್ತ ತಯಾರಾಗುತ್ತದೆ, ಕೋಶದ ಎಲ್ಲ ಕೆಲಸಗಳಿಗೂ ಅದೇ ಬಂಡವಾಳ. ಕಂದು ಕೊಬ್ಬಿನ ಮೈಟೊಕಾಂಡ್ರಿಯದಲ್ಲಿ ಮಾತ್ರ ಚಕ್ರವನ್ನು ತಪ್ಪಿಸಿ ಪ್ರೋಟಾನುಗಳನ್ನು ನೇರವಾಗಿ ಒಳಕ್ಕೆ ಬಿಡುವ ಇನ್ನೊಂದು ತೂಬು ಇದೆ. ನೀರು ಚಕ್ರವನ್ನು ತಿರುಗಿಸದೆ ಸುಮ್ಮನೆ ಧುಮುಕಿದರೆ ಅದರ ಶಕ್ತಿಯೆಲ್ಲ ಉಷ್ಣವಾಗುವುದಷ್ಟೆ? ಇಲ್ಲಿಯೂ ಹಾಗೆಯೇ. ೧೯೭೦ರ ದಶಕದಲ್ಲಿ ಈ ತೂಬಿನ ಪ್ರೋಟೀನನ್ನು ಗುರುತಿಸಿದರು. ಮೊದಲು ಥರ್ಮೊಜೆನಿನ್ ಎಂದು ಕರೆಯಲ್ಪಟ್ಟು ಈಗ ಯುಸಿಪಿ-೧ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ದಹನಕ್ಕೂ ಎಟಿಪಿ ತಯಾರಿಕೆಗೂ ಇರುವ ಜೋಡಣೆಯನ್ನು ಕಳಚುವ ಪ್ರೋಟೀನೆಂದು ಆ ಹೆಸರಿನ ಅರ್ಥ. ೧೯೯೭ರಲ್ಲಿ ಈ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ಚಿಟ್ಟಿಲಿಗಳನ್ನು ಸೃಷ್ಟಿಸಿ ನೋಡಿದಾಗ ಅವು ಚಳಿಯನ್ನು ತಡೆಯಲಾರದೆ ಹೋದುವು.

ತೂಬಿಗೆ ಬಾಗಿಲು ಇರುವುದು ಬಹು ಮುಖ್ಯವಾದ ಸಂಗತಿ. ಬಾಗಿಲಿಲ್ಲದ ತೂಬು ಏನು ಮಾಡುತ್ತದೆಂಬುದಕ್ಕೆ ದಾರುಣವಾದ ನಿದರ್ಶನವಿದೆ. ಡೈನೈಟ್ರೊಫಿನಾಲ್ ಎಂಬ ರಾಸಾಯನಿಕ ಯಾವ ಕೋಶದ ಮೈಟೊಕಾಂಡ್ರಿಯಕ್ಕೆ ಹೋದರೂ ಪ್ರೋಟಾನುಗಳನ್ನು ಪೊರೆಯಾಚೆಗೆ ಸಾಗಿಸಿಬಿಡುತ್ತದೆ. ೧೯೩೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯವಿಜ್ಞಾನಿಗಳು ಇದು ಬೊಜ್ಜನ್ನು ಕರಗಿಸುತ್ತದೆಂದು ಪ್ರಕಟಿಸಿದ ಬಳಿಕ ಸಾವಿರಾರು ಜನ ಇದನ್ನು ನುಂಗಿದರು. ತೂಕವೇನೋ ಇಳಿಯಿತು, ಅದರೊಡನೆ ಕೆಲವರ ಕಣ್ಣಿಗೆ ಪೊರೆ ಬಂದಿತು, ಇನ್ನು ಕೆಲವರು ಮೈ ಕಾದು, ತಣಿಸಲು ಯಾವ ಉಪಾಯವೂ ಇಲ್ಲದೆ ಸತ್ತರು. ೧೯೩೮ರಲ್ಲಿ ಅಮೆರಿಕದ ಸರ್ಕಾರ ಇದನ್ನು ಮನುಷ್ಯರ ಸೇವನೆಗೆ ತಕ್ಕುದಲ್ಲವೆಂದು ಸಾರಿತು. ಆದರೂ ಮೈ ಇಳಿಸುವ ಮಾತ್ರೆಯೆಂದು ಇದನ್ನು ಕದ್ದು ಮಾರುವುದೂ, ಯುವಕ ಯುವತಿಯರು ಇದಕ್ಕೆ ಬಲಿಯಾಗುವುದೂ ಇಂದಿಗೂ ನಿಂತಿಲ್ಲ. ಕೊಬ್ಬನ್ನು ಸುಡುತ್ತೇವೆಂದು ಸಾರುವ ಜಾಹೀರಾತುಗಳನ್ನು ಕಂಡಾಗ ನಮ್ಮ ವಿದ್ಯಾರ್ಥಿಗಳು ಈ ಇತಿಹಾಸವನ್ನು ನೆನೆಯುವುದು ಒಳ್ಳೆಯದು.

ಕಂದು ಕೊಬ್ಬಿನ ತೂಬಿನ ಬಾಗಿಲನ್ನು ತೆರೆಯುವ ಅಧಿಕಾರ ಮಿದುಳಿಗೆ ಸೇರಿದುದು. ಚರ್ಮಕ್ಕೆ ಚಳಿ ತಾಕಿದೊಡನೆ ಮಿದುಳು ಸಿಂಪಥೆಟಿಕ್ ನರಗಳ ಮೂಲಕ ಆಜ್ಞೆ ಕಳುಹಿಸುತ್ತದೆ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ದೂತವಸ್ತು ಹೊರಬಿದ್ದು ಕೊಬ್ಬಿನ ಕೋಶವನ್ನು ಮುಟ್ಟುತ್ತದೆ. ಕೋಶದೊಳಗಣ ಜಿಡ್ಡು ಒಡೆದು ಕೊಬ್ಬಿನ ಆಮ್ಲಗಳು ಬಿಡುಗಡೆಯಾಗುತ್ತವೆ. ಆ ಆಮ್ಲಗಳೇ ಒಂದು ಕಡೆ ಸೌದೆಯೂ ಹೌದು, ಇನ್ನೊಂದು ಕಡೆ ತೂಬಿನ ಬೀಗದಕೈಯೂ ಹೌದು. ಈ ಏರ್ಪಾಡು ಶೈಶವ ಕಳೆದ ಮೇಲೆ ಮನುಷ್ಯನಲ್ಲಿ ಉಳಿಯುವುದಿಲ್ಲವೆಂಬ ಭಾವನೆ ಬಹಳ ದಿನ ಇತ್ತು. ೨೦೦೯ರಲ್ಲಿ ಅಮೆರಿಕ, ನೆದರ್ಲೆಂಡ್ಸ್, ಫಿನ್ಲೆಂಡ್‌ಗಳ ಮೂರು ತಂಡಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ಸುಳ್ಳಾಗಿಸಿದುವು. ನೆದರ್ಲೆಂಡ್ಸ್‌ನವರು ೨೪ ಜನ ಆರೋಗ್ಯವಂತ ಯುವಕರನ್ನು ೧೬ ಡಿಗ್ರಿಯ ಕೋಣೆಯಲ್ಲಿರಿಸಿ, ವಿಕಿರಣಶೀಲ ಪರಮಾಣುವನ್ನು ಸೇರಿಸಿದ ಸಕ್ಕರೆ ಎಲ್ಲಿ ಹೋಗಿ ಸೇರುತ್ತದೆಂದು ಚಿತ್ರ ತೆಗೆದರು. ೨೩ ಜನರ ಕುತ್ತಿಗೆಯ ಬುಡದಲ್ಲಿ, ಕೊರಳೆಲುಬಿನ ಮೇಲ್ಗಡೆ, ಒಲೆ ಹೊತ್ತಿದ್ದುದು ಸ್ಪಷ್ಟವಾಗಿ ಕಂಡಿತು. ಇದಲ್ಲದೆ ಬಿಳಿ ಕೊಬ್ಬಿನ ನಡುವೆಯೂ, ಚಳಿಯ ಪ್ರಚೋದನೆಯಿಂದ, ಕಂದು ಕೋಶಗಳಂತೆ ಕೆಲಸ ಮಾಡುವ ನಸುಗಂದು ಕೋಶಗಳು ಹುಟ್ಟಿಕೊಳ್ಳುತ್ತವೆಂಬುದೂ ತಿಳಿದುಬಂದಿದೆ.

ಇಲ್ಲಿಯವರೆಗೆ ಕಥೆಯಲ್ಲಿ ಎರಡೇ ಪಾತ್ರಗಳು: ನರ ಮತ್ತು ಕೊಬ್ಬು. ಮೂರನೆಯ ಪಾತ್ರದ ಪ್ರವೇಶವಾದುದು ಅನಿರೀಕ್ಷಿತ ದಿಕ್ಕಿನಿಂದ.

೧೮೮೨ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿ ಮರುದಿನ ನೋಡಿದನು. ಅಲೆದಾಡುವ ಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದುವು. ಪರವಸ್ತುವನ್ನು ನುಂಗಿ ದೇಹವನ್ನು ಕಾಪಾಡುವ ಇಂಥ ಭಕ್ಷಕ ಕೋಶಗಳ ಕಲ್ಪನೆ ಬೆಳೆದುದು ಇಲ್ಲಿಂದ. ಇವುಗಳಲ್ಲಿ ದೊಡ್ಡ ಜಾತಿಯವಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರು. ಮೆಚ್ನಿಕಾಫನಿಗೂ, ಬಣ್ಣಗಳ ಸಹಾಯದಿಂದ ಬಿಳಿ ರಕ್ತಕಣಗಳ ಜಾತಿಗಳನ್ನು ವಿಂಗಡಿಸಿದ ಜರ್ಮನಿಯ ಪಾಲ್ ಏರ್ಲಿಕನಿಗೂ ೧೯೦೮ರ ನೊಬೆಲ್ ಪಾರಿತೋಷಕವನ್ನು ಹಂಚಿದರು. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಇಯೊಸಿನೊಫಿಲ್ ಎಂಬ ಕಣಗಳಿಗೆ ಹೆಸರಿಟ್ಟವನು ಏರ್ಲಿಕನೇ. ಹೊಟ್ಟೆಹುಳುಗಳ ಬಾಧೆಯಲ್ಲಿಯೂ ಉಬ್ಬಸದಲ್ಲಿಯೂ ಇವು ರಕ್ತದಲ್ಲಿ ಹೆಚ್ಚುವುದು ವೈದ್ಯರಿಗೆಲ್ಲ ಗೊತ್ತು.

ಕ್ರಿಮಿಗಳೊಡನೆ ಹೋರಾಡಬೇಕಾದ ಈ ಸೈನಿಕರಿಗೆ ಕೊಬ್ಬಿನಲ್ಲಿ ಏನು ಕೆಲಸ? ಮೊದಲು ದೊರೆತ ಉತ್ತರ ಅಹಿತಕರವಾಗಿತ್ತು. ಬೊಜ್ಜು ಬಂದ ಪ್ರಾಣಿಗಳ ಕೊಬ್ಬು ಉರಿಯೂತವನ್ನು ಹೆಚ್ಚಿಸುವ ಟಿಎನ್‌ಎಫ್ ಎಂಬ ವಸ್ತುವನ್ನು ಸ್ರವಿಸಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆಂದು ೧೯೯೩ರಲ್ಲಿ ಕಂಡುಬಂದಿತು. ಬೊಜ್ಜು ಬೆಳೆದಂತೆ ಬಿಳಿ ಕೊಬ್ಬಿನಲ್ಲಿ ಮ್ಯಾಕ್ರೊಫೇಜುಗಳು ಗುಂಪುಗುಂಪಾಗಿ ಬಂದು ಸೇರುತ್ತವೆಂದೂ ಈ ಕಿಡಿಗೇಡಿತನದಲ್ಲಿ ಅವುಗಳ ಪಾಲೇ ದೊಡ್ಡದೆಂದೂ ೨೦೦೩ರಲ್ಲಿ ಗೊತ್ತಾಯಿತು. ಸ್ಥೂಲಕಾಯರಿಗೆ ಮಧುಮೇಹ ಹತ್ತಿರವಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಇಂಥ ಉರಿಯೂತ ಕಂದು ಕೊಬ್ಬಿನ ಒಲೆಯನ್ನೂ ಮಂದಗೊಳಿಸುತ್ತದೆ.

ಆದರೆ ಸೈನಿಕರ ಸ್ವಭಾವ ಸದಾ ಒಂದೇ ಬಗೆಯದಲ್ಲ. ಇಂಟರ್‌ಲ್ಯೂಕಿನ್-೪ ಎಂಬ ಸಂಕೇತವಸ್ತು ಸಿಕ್ಕಿದಾಗ ಮ್ಯಾಕ್ರೊಫೇಜುಗಳು ಕದನವನ್ನು ಬಿಟ್ಟು ದುರಸ್ತಿಯ ಕೆಲಸಕ್ಕೆ ಇಳಿಯುತ್ತವೆ. ೨೦೧೧ರಲ್ಲಿ ಅಮೆರಿಕದ ಅಜಯ್ ಚಾವ್ಲಾ ಅವರ ತಂಡ ಇಂಥ ಶಾಂತ ಮ್ಯಾಕ್ರೊಫೇಜುಗಳ ವಿಷಯದಲ್ಲಿ ಒಂದು ಆಶ್ಚರ್ಯಕರವಾದ ಫಲಿತಾಂಶವನ್ನು ಪ್ರಕಟಿಸಿತು. ಇಲಿಗಳನ್ನು ಚಳಿಗೆ ಒಡ್ಡಿದಾಗ ಕೊಬ್ಬಿನ ಮ್ಯಾಕ್ರೊಫೇಜುಗಳು ಶಾಂತ ಸ್ವಭಾವಕ್ಕೆ ತಿರುಗಿ, ನಾರ್‌ಅಡ್ರಿನಲಿನ್ ಜಾತಿಯ ದೂತವಸ್ತುಗಳನ್ನು ತಾವೇ ತಯಾರಿಸಿ, ಒಲೆಯನ್ನು ಊದುತ್ತವೆಂಬುದೇ ಆ ಫಲಿತಾಂಶ. ನರಕ್ಕೆ ಮಾತ್ರ ಸೇರಿದುದೆಂದು ತಿಳಿದಿದ್ದ ಅಧಿಕಾರದಲ್ಲಿ ರಕ್ತದ ಕೋಶಕ್ಕೂ ಪಾಲು ಸಿಕ್ಕಿತು! ೨೦೧೪ರಲ್ಲಿ ಇಯೊಸಿನೊಫಿಲ್‌ಗಳೂ ಈ ಸರಪಳಿಯಲ್ಲಿ ಸೇರಿದುವು. ಇಂಟರ್‌ಲ್ಯೂಕಿನ್-೪ನ್ನು ಒದಗಿಸುವವು ಅವೇ ಎಂದೂ, ಅವಿಲ್ಲದಿದ್ದರೆ ನಸುಗಂದು ಕೋಶಗಳು ಚೆನ್ನಾಗಿ ಬೆಳೆಯುವುದಿಲ್ಲವೆಂದೂ ಹೇಳಿದರು. ಮರುವರ್ಷ ಎರಡನೆಯ ಗುಂಪಿನ ಸಹಜ ಲಿಂಫ್ ಕೋಶಗಳೆಂಬ ಮತ್ತೊಂದು ಪಂಗಡದ ಸರದಿ. ಇವು ಮೆಥಿಯೊನೈನ್-ಎನ್‌ಕೆಫಾಲಿನ್ ಎಂಬ, ನೋವು ಕಳೆಯುವ ವಸ್ತುಗಳ ಜಾತಿಗೆ ಸೇರಿದ ಸಣ್ಣ ಅಣುವನ್ನು ಸ್ರವಿಸಿ ಬಿಳಿ ಕೊಬ್ಬಿನಲ್ಲಿ ಯುಸಿಪಿ-೧ನ್ನು ಹೆಚ್ಚಿಸುತ್ತವೆಂದು ಒಂದು ತಂಡ ಸಾರಿತು.

ಚಿತ್ರ ಬಹಳ ಸುಂದರವಾಗಿತ್ತು; ಪಠ್ಯಪುಸ್ತಕಗಳಿಗೆ ಸೇರಿಸಲು ಯೋಗ್ಯವಾಗಿತ್ತು. ಆದರೆ ೨೦೧೭ರಲ್ಲಿ ಅದರ ನಟ್ಟನಡುವಿನ ಕೊಂಡಿ ಕಳಚಿತು.

ನಾರ್‌ಅಡ್ರಿನಲಿನ್ ತಯಾರಾಗಬೇಕಾದರೆ ಟೈರೊಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಇರಲೇಬೇಕು. ಮ್ಯಾಕ್ರೊಫೇಜುಗಳೇ ಒಲೆಯನ್ನು ಊದುವುದಾದರೆ ಅವುಗಳಲ್ಲಿ ಮಾತ್ರ ಈ ಕಿಣ್ವವನ್ನು ಇಲ್ಲವಾಗಿಸಿದಾಗ ಒಲೆ ಮಂಕಾಗಬೇಕು. ಕ್ರಿಸ್ಟಫ್ ಬ್ಯೂಟ್ನರ್ ಅವರ ತಂಡ ಈ ತರ್ಕವನ್ನೇ ಹಿಡಿದು, ವಯಸ್ಕ ಇಲಿಗಳ ರಕ್ತಕೋಶಗಳಲ್ಲಿ ಆ ಕಿಣ್ವದ ಜೀನನ್ನು ಅಳಿಸಿ, ಅವುಗಳನ್ನು ಚಳಿಗೆ ಒಡ್ಡಿತು. ಇಲಿಗಳ ಶಕ್ತಿವ್ಯಯದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಸ್ಥಿಮಜ್ಜೆಯಿಂದ ಬೆಳೆಸಿದ ಮ್ಯಾಕ್ರೊಫೇಜುಗಳಿಗೆ ಇಂಟರ್‌ಲ್ಯೂಕಿನ್-೪ನ್ನು ಕೊಟ್ಟರೂ ಅವು ನಾರ್‌ಅಡ್ರಿನಲಿನ್ನನ್ನು ಬಿಡುಗಡೆ ಮಾಡಲಿಲ್ಲ. ಅವು ಬೆಳೆದ ದ್ರವವನ್ನು ಕೊಬ್ಬಿನ ಕೋಶಗಳ ಮೇಲೆ ಸುರಿದರೆ ಅವುಗಳಲ್ಲಿ ಯುಸಿಪಿ-೧ ಹೆಚ್ಚಲಿಲ್ಲ. ಕೊಬ್ಬಿನಲ್ಲಿ ನೆಲೆಸಿರುವ ಮ್ಯಾಕ್ರೊಫೇಜುಗಳಲ್ಲಿ ಆ ಕಿಣ್ವವೇ ಕಂಡುಬರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಪ್ರಬಂಧ ಮೊದಲಿನದಕ್ಕಿಂತ ಹೆಚ್ಚು ಓದತಕ್ಕದ್ದು. ಒಂದೇ ಪ್ರಶ್ನೆಯನ್ನು ನಾಲ್ಕು ಕಡೆಗಳಿಂದ ಕೇಳಿ, ನಾಲ್ಕು ಕಡೆಯಿಂದಲೂ ಅದೇ ಉತ್ತರವನ್ನು ಪಡೆದ ಪರಿ ಪ್ರಯೋಗಶಾಲೆಗೆ ಕಾಲಿಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಪಾಠವಾಗಬಲ್ಲದು.

ಹಾಗಾದರೆ ಮ್ಯಾಕ್ರೊಫೇಜುಗಳಿಗೂ ಒಲೆಗೂ ಸಂಬಂಧವೇ ಇಲ್ಲವೆ? ಅದೇ ವರ್ಷ ಪೋರ್ಚುಗಲಿನಲ್ಲಿ ಆನಾ ಡೊಮಿಂಗೊಸ್ ಅವರ ತಂಡ ಕೊಟ್ಟ ಉತ್ತರ ವಿಷಯವನ್ನು ತಲೆಕೆಳಗು ಮಾಡಿತು. ಸಿಂಪಥೆಟಿಕ್ ನರಗಳಿಗೆ ಅಂಟಿಕೊಂಡೇ ಇರುವ ಒಂದು ವಿಶೇಷ ಜಾತಿಯ ಮ್ಯಾಕ್ರೊಫೇಜುಗಳನ್ನು ಅವರು ಗುರುತಿಸಿದರು. ಇವು ನಾರ್‌ಅಡ್ರಿನಲಿನ್ನನ್ನು ತಯಾರಿಸುವುದಿಲ್ಲ, ನುಂಗುತ್ತವೆ! ಅದನ್ನು ಒಳಕ್ಕೆ ಸೆಳೆದುಕೊಳ್ಳುವ ವಾಹಕ ಪ್ರೋಟೀನೂ ಇವುಗಳಲ್ಲಿದೆ, ಅದನ್ನು ಒಡೆದುಹಾಕುವ ಕಿಣ್ವವೂ ಇದೆ. ಬೊಜ್ಜು ಬಂದ ಇಲಿಗಳಲ್ಲಿ ಇವುಗಳ ಸಂಖ್ಯೆ ಹೆಚ್ಚಾಗಿತ್ತು. ವಾಹಕ ಪ್ರೋಟೀನನ್ನು ಇವುಗಳಿಂದ ತೆಗೆದುಹಾಕಿದಾಗ ನರದ ಆಜ್ಞೆ ಕೊಬ್ಬಿಗೆ ಪೂರ್ಣವಾಗಿ ತಲಪಿ, ಉಷ್ಣೋತ್ಪಾದನೆ ಹೆಚ್ಚಿ, ಇಲಿಗಳ ತೂಕ ಇಳಿಯಿತು. ಮನುಷ್ಯರ ಸಿಂಪಥೆಟಿಕ್ ನರಗ್ರಂಥಿಗಳಲ್ಲಿಯೂ ಇಂಥ ಕೋಶಗಳು ಕಂಡುಬಂದುವು. ಮುದಿ ಇಲಿಗಳ ಕೊಬ್ಬಿನಲ್ಲಿಯೂ ಮ್ಯಾಕ್ರೊಫೇಜುಗಳು ಇದೇ ರೀತಿ ದೂತವಸ್ತುವನ್ನು ನಾಶಮಾಡಿ ಜಿಡ್ಡು ಕರಗದಂತೆ ತಡೆಯುತ್ತವೆಂದು ಯೇಲ್ ವಿಶ್ವವಿದ್ಯಾಲಯದ ವಿಶ್ವದೀಪ್ ದೀಕ್ಷಿತ್ ಅವರ ತಂಡ ಅದೇ ವರ್ಷ ತೋರಿಸಿತು. ವಯಸ್ಸಾದಂತೆ ಹಸಿವು ಕುಂದಿದರೂ ಬೊಜ್ಜು ಕರಗದಿರುವುದರ ರಹಸ್ಯ ಒಂದಿಷ್ಟು ಇಲ್ಲಿರಬಹುದು.

ಇನ್ನು ನರಗಳನ್ನು ಕಂದು ಕೊಬ್ಬಿನೊಳಗೆ ಹಬ್ಬಿಸುವ ವಿಷಯ. ತಂತಿಯನ್ನು ಎಳೆಯದೆ ದೀಪ ಹೊತ್ತುವುದಿಲ್ಲ. ಇಸ್ರೇಲಿನ ವೈಸ್‌ಮನ್ ಸಂಸ್ಥೆಯವರು ೨೦೧೭ರಲ್ಲಿ ಕಂದು ಕೊಬ್ಬಿನ ಮ್ಯಾಕ್ರೊಫೇಜುಗಳಲ್ಲಿ ಒಂದು ಜೀನನ್ನು ಕೆಡಿಸಿದಾಗ ಅಲ್ಲಿಯ ನರಗಳ ಹೆಣಿಗೆ ತೆಳುವಾಗಿ, ಉಷ್ಣೋತ್ಪಾದನೆ ಕುಗ್ಗಿ, ಇಲಿಗಳಿಗೆ ತಾನಾಗಿಯೇ ಬೊಜ್ಜು ಬಂದಿತು. ಗಾಮಾ-ಡೆಲ್ಟಾ ಟಿ ಕೋಶಗಳೆಂಬ ಇನ್ನೊಂದು ವರ್ಗವೂ ಇದೆ. ಇವಿಲ್ಲದ ಇಲಿಗಳು ಚಳಿಯಲ್ಲಿ ತಮ್ಮ ಮೈಬಿಸಿಯನ್ನು ಉಳಿಸಿಕೊಳ್ಳಲಾರವೆಂದು ಲಿಡಿಯ ಲಿಂಚ್ ಅವರ ತಂಡ ೨೦೧೮ರಲ್ಲಿ ವರದಿಮಾಡಿತು. ಈ ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-೧೭ ಕೊಬ್ಬಿನ ಕೋಶವನ್ನು ಪ್ರಚೋದಿಸಿ, ಆ ಮೂಲಕ ನರಗಳನ್ನು ಅಲ್ಲಿಗೆ ಆಕರ್ಷಿಸುತ್ತದೆಂದು ೨೦೨೦ರಲ್ಲಿ ಮತ್ತೊಂದು ತಂಡ ವಿವರಿಸಿತು. ಇಂಟರ್‌ಲ್ಯೂಕಿನ್-೧೭ ಉರಿಯೂತವನ್ನು ಕೆರಳಿಸುವುದರಲ್ಲಿ ಕುಖ್ಯಾತವಾದುದು. ಅದೇ ವಸ್ತು ಇಲ್ಲಿ ತಂತಿ ಎಳೆಯುವ ಕೆಲಸಕ್ಕೆ ನೆರವಾಗುತ್ತದೆ.

ನಮಗೆ ಎಲ್ಲಕ್ಕಿಂತ ಹಿಡಿಸಿದುದು ೨೦೨೨ರಲ್ಲಿ ರೋಮಿನ ವಿಜ್ಞಾನಿಗಳು ಪ್ರಕಟಿಸಿದ ಕೆಲಸ. ಇದರಲ್ಲಿ ಆಜ್ಞೆಯ ಮಾತೂ ಇಲ್ಲ, ತಂತಿಯ ಮಾತೂ ಇಲ್ಲ. ಬರಿಯ ಬೂದಿಯ ಮಾತು. ಒಲೆ ಚೆನ್ನಾಗಿ ಉರಿಯಬೇಕಾದರೆ ಬೂದಿಯನ್ನು ಆಗಾಗ ತೆಗೆಯಬೇಕೆಂಬುದನ್ನು ಸೌದೆ ಒಲೆಯ ಮುಂದೆ ಕುಳಿತವರಿಗೆಲ್ಲ ಹೇಳಬೇಕಾದುದಿಲ್ಲ. ಚಳಿಯಲ್ಲಿ ಎಡೆಬಿಡದೆ ದುಡಿಯುವ ಮೈಟೊಕಾಂಡ್ರಿಯಗಳು ಆಮ್ಲಜನಕದ ಹೊಡೆತಕ್ಕೆ ಸಿಕ್ಕಿ ತಾವೇ ಜಖಂಗೊಳ್ಳುತ್ತವೆ. ಕೋಶವು ಈ ಮುರುಕು ಭಾಗಗಳನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ ಹೊರಕ್ಕೆ ಎಸೆಯುತ್ತದೆ. ಕಾದಿರುವ ಮ್ಯಾಕ್ರೊಫೇಜುಗಳು ಅವನ್ನು ನುಂಗಿ ಜಾಗವನ್ನು ಚೊಕ್ಕಟ ಮಾಡುತ್ತವೆ. ಪ್ರಯೋಗಕ್ಕಾಗಿ ಮ್ಯಾಕ್ರೊಫೇಜುಗಳನ್ನು ತೆಗೆದುಹಾಕಿದಾಗ ಚೀಲಗಳು ಅಲ್ಲಿಯೇ ಬಿದ್ದಿದ್ದು ಮತ್ತೆ ಕೊಬ್ಬಿನ ಕೋಶಗಳೊಳಗೇ ಸೇರಿಕೊಂಡುವು. ಯುಸಿಪಿ-೧ ಕುಗ್ಗಿತು, ಉಷ್ಣೋತ್ಪಾದನೆ ಕೆಟ್ಟಿತು. ನುಂಗುವುದೇ ಕಸುಬಾದ ಕೋಶಕ್ಕೆ ಇದಕ್ಕಿಂತ ಒಪ್ಪುವ ಕೆಲಸ ಬೇರೊಂದಿಲ್ಲ. ಹತ್ತು ವರ್ಷಗಳ ಕಾಲ ಮ್ಯಾಕ್ರೊಫೇಜನ್ನು ಊದುಗೊಳವೆಯೆಂದು ಕರೆಯಬೇಕೆ ಬೇಡವೆ ಎಂದು ಚರ್ಚಿಸಿದರು. ಅದು ಒಲೆಯ ಮುಂದೆ ಬೂದಿ ಬಳಿಯುತ್ತ ಕುಳಿತಿತ್ತು.

ಇವೆಲ್ಲವೂ ಇಲಿಗಳ ಮಾತು. ಮನುಷ್ಯನಿಗೆ ಅನ್ವಯಿಸುವ ಮುನ್ನ ಆರಂಭದಲ್ಲಿ ಹೇಳಿದ ಲೆಕ್ಕವನ್ನು ನೆನೆಯಬೇಕು. ಇಲಿಗೆ ಅದರ ತೂಕಕ್ಕೆ ಹೋಲಿಸಿದರೆ ನಮಗಿಂತ ೧೩ ಪಟ್ಟು ಹೆಚ್ಚು ಮೇಲ್ಮೈ. ವಿಶೇಷ ಶ್ರಮವಿಲ್ಲದೆ ಅದು ಬೆಚ್ಚಗಿರಬೇಕಾದರೆ ಸುತ್ತಣ ಗಾಳಿ ಸುಮಾರು ೩೦ ಡಿಗ್ರಿಯಷ್ಟು ಇರಬೇಕು. ಆದರೆ ಪ್ರಯೋಗಶಾಲೆಗಳ ಕೋಣೆಗಳನ್ನು ಸಾಮಾನ್ಯವಾಗಿ ಬಟ್ಟೆ ತೊಟ್ಟ ಮನುಷ್ಯರಿಗೆ ಹಿತವಾಗುವಂತೆ ೨೨ ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಎಂದರೆ ಚಳಿಗೆ ಒಡ್ಡಿಲ್ಲವೆಂದು ನಾವು ತಿಳಿದಿರುವ ಇಲಿಯೂ ಹಗಲಿರುಳು ಚಳಿಯಲ್ಲಿಯೇ ಇದ್ದು, ತನ್ನ ಒಲೆಯನ್ನು ಸದಾ ಹೊತ್ತಿಸಿಕೊಂಡಿರುತ್ತದೆ. ಅಂಥ ಪ್ರಾಣಿಯಲ್ಲಿ ಕಂದು ಕೊಬ್ಬಿನ ತುಸು ಏರುಪೇರೂ ಇಡೀ ದೇಹದ ಲೆಕ್ಕವನ್ನು ಬದಲಿಸಬಲ್ಲದು. ನಮ್ಮಲ್ಲಿ ಹಾಗಲ್ಲ.

ಮನುಷ್ಯನಿಗೆ ಇದರಿಂದ ಹೆಚ್ಚೆಂದರೆ ಎಷ್ಟು ಪ್ರಯೋಜನವಾದೀತೆಂದು ನಾವೇ ಲೆಕ್ಕ ಹಾಕಬಹುದು. ಒಬ್ಬನಲ್ಲಿ ೫೦ ಗ್ರಾಂ ಕಂದು ಕೊಬ್ಬು ಇದೆಯೆಂದೂ, ಅದು ಚಳಿಗೆ ಒಗ್ಗಿದ ಇಲಿಯ ಕೊಬ್ಬಿನಷ್ಟೇ ಪ್ರಖರವಾಗಿ ದಿನವಿಡೀ ಉರಿಯುತ್ತದೆಂದೂ ಇಟ್ಟುಕೊಳ್ಳೋಣ. ಕಿಲೊಗ್ರಾಂಗೆ ೩೦೦ ವಾಟ್‌ನಂತೆ ೧೫ ವಾಟ್ ಆಯಿತು. ದಿನಕ್ಕೆ ೮೬,೪೦೦ ಸೆಕೆಂಡುಗಳು. ಗುಣಿಸಿದರೆ ಸುಮಾರು ೧೩ ಲಕ್ಷ ಜೂಲ್, ಅಥವಾ ೩೧೦ ಕಿಲೊಕ್ಯಾಲೊರಿ. ವಯಸ್ಕನೊಬ್ಬ ದಿನಕ್ಕೆ ತಿನ್ನುವ ಎರಡು ಸಾವಿರ ಚಿಲ್ಲರೆ ಕಿಲೊಕ್ಯಾಲೊರಿಗಳ ಏಳನೆಯ ಒಂದು ಭಾಗದಷ್ಟು. ಇದು ಮೇಲ್ಮಿತಿ ಮಾತ್ರ. ನಿಜವಾದ ಮೊತ್ತ ಇದಕ್ಕಿಂತ ಕಡಿಮೆಯೆಂದೇ ಭಾವಿಸಬೇಕು. ಆದರೂ ತಿಂಗಳುಗಟ್ಟಲೆ ಕೂಡುತ್ತ ಹೋದರೆ ಇದು ಅಲಕ್ಷಿಸತಕ್ಕ ಮೊತ್ತವಲ್ಲ. ರಕ್ತದಿಂದ ಸಕ್ಕರೆಯನ್ನೂ ಜಿಡ್ಡನ್ನೂ ಸೆಳೆದುಕೊಳ್ಳುವ ಶಕ್ತಿ ಕಂದು ಕೊಬ್ಬಿಗಿರುವುದರಿಂದ ಮಧುಮೇಹದ ಚಿಕಿತ್ಸೆಯಲ್ಲಿ ಆಸಕ್ತರಾದವರು ಇದರ ಮೇಲೆ ಕಣ್ಣಿಟ್ಟಿರುವುದೂ ಸಹಜವೇ.

ಒಲೆಯನ್ನು ಔಷಧದಿಂದ ಹೊತ್ತಿಸುವ ಯತ್ನ ನಡೆದಿದೆ. ಮೂತ್ರಾಶಯದ ತೊಂದರೆಗೆ ಕೊಡುವ ಮಿರಾಬೆಗ್ರಾನ್ ಎಂಬ ಔಷಧ ಕೊಬ್ಬಿನ ಕೋಶದ ಮೇಲೆ ನಾರ್‌ಅಡ್ರಿನಲಿನ್ ಕೂರುವ ಸ್ಥಾನದಲ್ಲಿಯೇ ಹೋಗಿ ಕೂರುತ್ತದೆ. ೨೦೧೫ರಲ್ಲಿ ಇದನ್ನು ೨೦೦ ಮಿಲಿಗ್ರಾಂ ಪ್ರಮಾಣದಲ್ಲಿ ೧೨ ಜನ ಆರೋಗ್ಯವಂತ ಯುವಕರಿಗೆ ಕೊಟ್ಟಾಗ ಅವರ ಕಂದು ಕೊಬ್ಬು ಚುರುಕಾಯಿತು. ವಿಶ್ರಾಂತಿಯಲ್ಲಿನ ಶಕ್ತಿವ್ಯಯ ದಿನಕ್ಕೆ ಸುಮಾರು ೨೦೦ ಕಿಲೊಕ್ಯಾಲೊರಿಯ ದರದಲ್ಲಿ ಏರಿತು. ಮೂತ್ರಾಶಯದ ರೋಗಿಗಳಿಗೆ ಕೊಡುವ ಪ್ರಮಾಣಕ್ಕಿಂತ ಇದು ಬಹಳ ಹೆಚ್ಚು. ಅಷ್ಟರಲ್ಲಿ ಹೃದಯದ ಬಡಿತವೂ ಏರಿತು. ಔಷಧ ರಕ್ತದೊಡನೆ ಮೈಯೆಲ್ಲ ಸುತ್ತುವುದರಿಂದ ಇದು ತಪ್ಪಿದ್ದಲ್ಲ. ನರದ ತುದಿಯಲ್ಲಿ ಕುಳಿತು ದೂತವಸ್ತುವನ್ನು ನುಂಗುವ ಮ್ಯಾಕ್ರೊಫೇಜಿನ ಬಾಯಿಯನ್ನಷ್ಟೇ ಕಟ್ಟಲು ಸಾಧ್ಯವಾದರೆ, ಹೃದಯವನ್ನು ಮುಟ್ಟದೆ ಕೊಬ್ಬಿಗೆ ಮಾತ್ರ ಆಜ್ಞೆಯನ್ನು ಹೆಚ್ಚಾಗಿ ಮುಟ್ಟಿಸಬಹುದು. ಇಲಿಗಳಲ್ಲಿ ಇದನ್ನು ಜೀನುಗಳ ಮೂಲಕ ಸಾಧಿಸಿ ತೋರಿಸಿದ್ದಾರೆ. ಅದೇ ವಾಹಕ ಪ್ರೋಟೀನು ನರಕೋಶಗಳಲ್ಲಿಯೂ ಇರುವುದರಿಂದ, ನರದಲ್ಲಿರುವುದನ್ನು ಬಿಟ್ಟು ಮ್ಯಾಕ್ರೊಫೇಜಿನಲ್ಲಿರುವುದನ್ನು ಮಾತ್ರ ತಡೆಯುವ ವಸ್ತುವೊಂದು ಮನುಷ್ಯರಿಗೆ ಬೇಕಾಗುತ್ತದೆ.